ಮನೆ ಕಂದಾಯ ಹಾಕೋರು ಯಾರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಮನೆ ಕಂದಾಯದ ಬಗ್ಗೆ ನಾಲ್ಕು ಸಾಲಿನ ಒಂದು ಉತ್ತರ ಬರೆದಿದ್ದೆ. ಅದಕ್ಕೆ ಬಂದ ಪತ್ರ, ಮೆಸೇಜು ನೋಡಿದರೆ ಈ ವಿಷಯ ಎಲ್ಲರ ಮನೆ ಬಾಗಿಲಲ್ಲೂ ಕೂತಿದೆ ಅನ್ನಿಸಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಒಂದು ಪುರಸಭೆಯಲ್ಲಿ ಬಿಲ್ ಕಲೆಕ್ಟರ್ ಆಗಿ ಸೇರಿ, ಕಂದಾಯ ನಿರೀಕ್ಷಕನಾಗಿ ನಿವೃತ್ತನಾದವನು. ನನ್ನ ಉತ್ತರ ಸ್ವಲ್ಪ ಆ ಕಡೆಗೆ ವಾಲಿದ್ದರೆ ಅದನ್ನ ಕಳೆದು ಓದಿಕೊಳ್ಳಿ.

ಬಿ.ಕಾಂ. ಮುಗಿಸಿದ್ದೇನೆ. ಮನೆಗಳಿಗೆ ತೆರಿಗೆ ನಿಗದಿ ಮಾಡುವ ಅಧಿಕಾರಿ ಆಗಬೇಕು ಅಂತ ಆಸೆ. ಯಾವ ಪರೀಕ್ಷೆ ಬರೆಯಬೇಕು? ಒಬ್ಬರು ದುಡ್ಡು ಕೊಟ್ಟರೆ ಪುರಸಭೆಯಲ್ಲಿ ಕೆಲಸ ಕೊಡಿಸ್ತೀನಿ ಅಂತಿದ್ದಾರೆ, ನಂಬಬಹುದಾ?
— ಪದವೀಧರೆ, ಹಾವೇರಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ನಂಬಬೇಡಿ. ಒಂದು ರೂಪಾಯಿ ಕೂಡ ಕೊಡಬೇಡಿ.

ಈಗ ಉಳಿದದ್ದು. 'ತೆರಿಗೆ ನಿಗದಿ ಅಧಿಕಾರಿ' ಅಂತ ಒಂದು ಕುರ್ಚಿ ಇದೆ, ಅಲ್ಲಿ ಕೂತವರು ಒಂದೊಂದು ಮನೆಗೂ ಇಷ್ಟಿಷ್ಟು ಅಂತ ಬರೆಯುತ್ತಾರೆ ಅನ್ನೋ ಚಿತ್ರ ನಿಮ್ಮ ತಲೆಯಲ್ಲಿ ಇದ್ದರೆ ಅದನ್ನ ಅಳಿಸಿಬಿಡಿ. ಹಿಂದೆ ಹಾಗಿತ್ತು. ಈ ಮನೆ ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬರಬಹುದು ಅಂತ ಸಿಬ್ಬಂದಿಯೇ ಅಂದಾಜು ಮಾಡಿ, ಅದರ ಮೇಲೆ ಕಂದಾಯ ಹಾಕುತ್ತಿದ್ದರು. ನಾನು ಹೊಸದಾಗಿ ಸೇರಿದಾಗ ಒಬ್ಬ ಹಿರಿಯ ಇನ್‌ಸ್ಪೆಕ್ಟರ್ ಜೊತೆ ಹೋಗುತ್ತಿದ್ದೆ. ಅವರು ಮನೆ ಒಳಗೆ ಹೋಗುತ್ತಲೇ ಇರಲಿಲ್ಲ. ಜಗಲಿ ಮೇಲೆ ಕೂತು, ನೆಲ ರೆಡ್ ಆಕ್ಸೈಡಾ ಮೊಸಾಯಿಕ್ಕಾ ಅಂತ ಬಾಗಿಲಿಂದಲೇ ಇಣುಕಿ ನೋಡಿ, ಕೊಟ್ಟ ಕಾಫಿ ಕುಡಿದು, ಪುಸ್ತಕದಲ್ಲಿ ಒಂದು ಅಂಕಿ ಬರೆಯೋರು. ಕಾಫಿ ಚೆನ್ನಾಗಿದ್ದರೆ ಅಂಕಿ ಸಣ್ಣದು. ತಮಾಷೆ ಅಲ್ಲ, ಅಕ್ಕಪಕ್ಕದ ಒಂದೇ ಥರದ ಎರಡು ಮನೆಗೆ ಒಂದಕ್ಕೆ ಇನ್ನೊಂದರ ಮೂರು ಪಟ್ಟು ಕಂದಾಯ ಇದ್ದದ್ದನ್ನ ನಾನೇ ನೋಡಿದ್ದೇನೆ.

ಬೆಂಗಳೂರಲ್ಲಿ 2000ನೇ ಇಸವಿಯಲ್ಲಿ ಸ್ವಯಂ ಘೋಷಣೆ ಬಂತು. ಸ್ವಲ್ಪ ಕಾಲದಲ್ಲೇ ಉಳಿದ ಊರುಗಳಿಗೂ ಬಂತು. ಅಂದರೆ ಈಗ ಮನೆಯ ಅಳತೆ ಬರೆಯೋರು, ಲೆಕ್ಕ ಹಾಕೋರು, ಸಹಿ ಮಾಡೋರು ಮಾಲೀಕರೇ. ನೀವು ಆಸೆಪಟ್ಟಿರೋ ಆ ಕೆಲಸವನ್ನ ಒಂದು ರೀತಿಯಲ್ಲಿ ರಾಜ್ಯದ ಎಲ್ಲ ಮನೆ ಯಜಮಾನರಿಗೂ ಸಂಬಳ ಇಲ್ಲದೆ ಹಂಚಿಬಿಟ್ಟಿದ್ದಾರೆ! ಕಚೇರಿಯವರ ಪಾಲಿಗೆ ಉಳಿದಿರೋದು ಆ ಘೋಷಣೆ ಸರಿ ಇದೆಯಾ ನೋಡೋದು, ಬಾಕಿ ವಸೂಲಿ ಮಾಡೋದು, ಖಾತೆ ಬದಲಾವಣೆ, ಮತ್ತೆ ಡಿಸಿಬಿ. ಡಿಸಿಬಿ ಅಂದರೆ ಬೇಡಿಕೆ ಎಷ್ಟು, ವಸೂಲಿ ಎಷ್ಟು, ಬಾಕಿ ಎಷ್ಟು ಅನ್ನೋ ಪಟ್ಟಿ. ಈ ಮೂರು ಕಾಲಂ ತಾಳೆ ಆಗದೆ ನಾನು ಎಷ್ಟು ಮಾರ್ಚ್ ತಿಂಗಳ ನಿದ್ದೆ ಕಳೆದುಕೊಂಡಿದ್ದೇನೋ ಲೆಕ್ಕ ಇಲ್ಲ.

ಹುದ್ದೆಗಳ ಏಣಿ ಹೀಗಿದೆ. ಕೆಳಗೆ ಬಿಲ್ ಕಲೆಕ್ಟರ್, ಅಂದರೆ ಕರ ವಸೂಲಿಗಾರ. ಅವರ ಮೇಲೆ ಕಂದಾಯ ನಿರೀಕ್ಷಕರು, ದೊಡ್ಡ ಊರಾದರೆ ಅವರ ಮೇಲೆ ಕಂದಾಯ ಅಧಿಕಾರಿ. ಕೊನೆಗೆ ಪುರಸಭೆಯಲ್ಲಿ ಮುಖ್ಯಾಧಿಕಾರಿ, ನಗರಸಭೆಯಲ್ಲಿ ಪೌರಾಯುಕ್ತರು, ಪಾಲಿಕೆಯಲ್ಲಿ ಆಯುಕ್ತರು. ಕೆಲವು ಹುದ್ದೆಗೆ ನೇರ ನೇಮಕ ಇದೆ, ಕೆಲವಕ್ಕೆ ಕೆಳಗಿನವರಿಗೆ ಬಡ್ತಿ. ನೇರ ನೇಮಕಕ್ಕೆ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಅಥವಾ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅಧಿಸೂಚನೆ ಹೊರಡಿಸುತ್ತವೆ. ನಿಮ್ಮ ಹತ್ತಿರ ಪದವಿ ಇದೆ, ಹಾಗಾಗಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಹುದ್ದೆ ಮೇಲೂ ಕಣ್ಣಿಟ್ಟಿರಿ. 2024ರಲ್ಲಿ ಕೆಪಿಎಸ್‌ಸಿ 247 ಪಿಡಿಒ ಹುದ್ದೆಗೆ ಕರೆದಿತ್ತು. ಹಳ್ಳಿ ಕಡೆ ಮನೆ ಕಂದಾಯದ ಜವಾಬ್ದಾರಿ ಕೊನೆಗೆ ಬಂದು ನಿಲ್ಲೋದು ಪಿಡಿಒ ಮೇಜಿನ ಮೇಲೇ.

ಇನ್ನೊಂದು ಗೊಂದಲ ಬಹಳ ಜನಕ್ಕೆ ಇದೆ. ನಾಡಕಚೇರಿಯಲ್ಲೂ ಒಬ್ಬ ಕಂದಾಯ ನಿರೀಕ್ಷಕರು ಇರುತ್ತಾರೆ. ಹೆಸರು ಒಂದೇ, ಇಲಾಖೆ ಬೇರೆ. ಅವರದ್ದು ಜಮೀನು, ಪಹಣಿ, ಜಾತಿ ಆದಾಯ ಪ್ರಮಾಣಪತ್ರ. ಮನೆ ಕಂದಾಯಕ್ಕೂ ಅವರಿಗೂ ಸಂಬಂಧ ಇಲ್ಲ. 2024ರಲ್ಲೇ ಕೆಇಎ ಮಾಡಿದ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗಳ ನೇಮಕವೂ ಆ ಇಲಾಖೆಯದ್ದೇ. ಅರ್ಜಿ ಹಾಕುವಾಗ ಯಾವ ಇಲಾಖೆ ಅಂತ ಒಂದು ಸಲ ಸರಿಯಾಗಿ ಓದಿ.

ಗ್ರಾಮ ಪಂಚಾಯಿತಿ ಬಿಲ್ ಕಲೆಕ್ಟರ್ ಕಥೆ ಬೇರೆ. ಅವರನ್ನ ರಾಜ್ಯಮಟ್ಟದ ಪರೀಕ್ಷೆಯಿಂದ ತೆಗೆದುಕೊಳ್ಳುವುದಿಲ್ಲ. ಪಂಚಾಯಿತಿಯೇ ನೇಮಿಸುತ್ತೆ, ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಅನುಮೋದನೆ ಬೇಕು. ನಿಮಗೆ ಕೆಲಸ ಕೊಡಿಸ್ತೀನಿ ಅನ್ನೋ ಥರದವರು ಜಾಸ್ತಿ ಓಡಾಡೋದು ಇಲ್ಲೇ. ಪಂಚಾಯಿತಿಯಲ್ಲಿ ನಿರ್ಣಯ ಆಗಿ ಸಿಇಒ ಅನುಮೋದನೆ ಬರದೇ ಹೋದರೆ ವರ್ಷಗಟ್ಟಲೆ ದುಡಿದರೂ ದಾಖಲೆಯಲ್ಲಿ ನೀವು ಇರೋದೇ ಇಲ್ಲ. ಅನುಮೋದನೆ ಪಡೆದು ಸೇರಿದವರಿಗೆ ಮುಂದೆ ಗ್ರೇಡ್ 2 ಕಾರ್ಯದರ್ಶಿ ಆಗುವ ದಾರಿ ಇದೆ. ಅದೇನು ಸಣ್ಣ ದಾರಿಯಲ್ಲ.

ಕೊನೆಗೊಂದು ಮಾತು. ಕಡ್ಡಾಯ ಕನ್ನಡ ಪರೀಕ್ಷೆಯನ್ನ ಹಗುರ ಮಾಡಬೇಡಿ. 150 ಅಂಕಕ್ಕೆ 50 ಬರಲೇಬೇಕು, ಇಲ್ಲ ಅಂದರೆ ಉಳಿದ ಪತ್ರಿಕೆ ಎಷ್ಟು ಚೆನ್ನಾಗಿ ಬರೆದಿದ್ದರೂ ಲೆಕ್ಕಕ್ಕಿಲ್ಲ. ನಮ್ಮ ಭಾಷೆ ತಾನೇ ಅಂತ ಪುಸ್ತಕ ಮುಟ್ಟದೆ ಹೋಗಿ ಎಡವಿದವರು ಇದ್ದಾರೆ.

ಕೆಳಗಡೆ ನಾವಿದ್ದೇವೆ, ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಮೊನ್ನೆ ಒಬ್ಬರು ಟೇಪು ಹಿಡಿದು ಬಂದು, ಬಾಲ್ಕನಿ ಲೆಕ್ಕಕ್ಕೆ ಸೇರಿಸಿಲ್ಲ, ಬಾಡಿಗೆ ತೋರಿಸಿಲ್ಲ, ದಂಡ ಬೀಳುತ್ತೆ ಅಂತ ಹೆದರಿಸಿ ಹೋದರು. ಅವರನ್ನ ಒಳಗೆ ಬಿಡಲೇಬೇಕಾ?
— ನಿವೃತ್ತ ಶಿಕ್ಷಕರು, ರಾಜಾಜಿನಗರ, ಬೆಂಗಳೂರು

ಸರ್, ಮೊದಲು ಗುರುತಿನ ಚೀಟಿ ಕೇಳಿ. ಕೇಳಿದರೆ ತಪ್ಪು ತಿಳಿಯೋ ಸಿಬ್ಬಂದಿ ಇದ್ದರೆ ಅವರು ಸಿಬ್ಬಂದಿಯೇ ಅಲ್ಲ ಅಂದುಕೊಳ್ಳಿ. ಅಧಿಕಾರ ಪಡೆದವರು ಮೊದಲೇ ತಿಳಿಸಿ, ಹಗಲು ಹೊತ್ತಿನಲ್ಲಿ ಬಂದು ಅಳತೆ ನೋಡಬಹುದು, ಅದಕ್ಕೆ ಕಾನೂನಲ್ಲಿ ಅವಕಾಶ ಇದೆ. ಆದರೆ ಬಾಗಿಲಲ್ಲಿ ನಿಂತು ಬಾಯಲ್ಲಿ ದಂಡ ಹಾಕೋಕೆ ಅವರಿಗೆ ಅಧಿಕಾರ ಇಲ್ಲ. ದಂಡ ಅಂದರೆ ಬರವಣಿಗೆಯಲ್ಲಿ ನೋಟಿಸ್ ಬರಬೇಕು, ಅದರಲ್ಲಿ ಅವರ ಅಳತೆ ಎಷ್ಟು ನಿಮ್ಮ ಘೋಷಣೆ ಎಷ್ಟು ಅಂತ ಇರಬೇಕು, ನಿಮಗೆ ಉತ್ತರ ಕೊಡೋಕೆ ಗಡುವು ಕೊಡಬೇಕು. ಆ ಗಡುವು ಮಾತ್ರ ತಪ್ಪಿಸಬೇಡಿ.

ಈಗ ನಿಮ್ಮ ಕಡೆ ಬರೋಣ. ಬಾಲ್ಕನಿ ಸೇರಿಸಬೇಕು ಸರ್, ಮೇಲೆ ಚಾವಣಿ ಇದ್ದರೂ ಇಲ್ಲದಿದ್ದರೂ. ಗ್ಯಾರೇಜು ಕೂಡ ಸೇರುತ್ತೆ. ಸೇರದೆ ಇರೋದು ಕಾಂಪೌಂಡು, ಬಾವಿ, ತೋಟ, ತಾರಸಿ ಮೇಲಿನ ನೀರಿನ ಟ್ಯಾಂಕು, ನೆಲದ ಸಂಪು ಇಂಥವು. ಅಳತೆ ತೆಗೆಯೋದು ಗೋಡೆಯ ಹೊರಮೈಯಿಂದ. ಬಹಳ ಜನ ಒಳಗಿನಿಂದ ರೂಮು ರೂಮು ಅಳೆದು ಕೂಡಿಸುತ್ತಾರೆ. ಒಂಬತ್ತು ಇಂಚಿನ ಗೋಡೆಗಳೆಲ್ಲ ಅಲ್ಲೇ ಮಾಯ ಆಗುತ್ತವೆ. ಆಮೇಲೆ ಕಚೇರಿ ಅಳತೆಗೂ ಇವರ ಅಳತೆಗೂ ನೂರು ಚದರಡಿ ವ್ಯತ್ಯಾಸ ಬಂತು ಅಂತ ಜಗಳ.

ಬಾಡಿಗೆ ವಿಷಯ ಇನ್ನೂ ದೊಡ್ಡದು. ಬೆಂಗಳೂರಲ್ಲಿ 2008-09ರಿಂದ ಇರೋದು ಘಟಕ ವಿಸ್ತೀರ್ಣ ಪದ್ಧತಿ. ಮಾರ್ಗಸೂಚಿ ಬೆಲೆ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ, ನೋಡಿ ಊರನ್ನ ಎ ಯಿಂದ ಎಫ್ ವರೆಗೆ ಆರು ವಲಯ ಮಾಡಿದರು. ಶುರುವಾದಾಗ ಎ ವಲಯದ ಆರ್‌ಸಿಸಿ ಮನೆಗೆ, ಸ್ವಂತ ವಾಸ ಇದ್ದರೆ ಚದರಡಿಗೆ ತಿಂಗಳಿಗೆ ಎರಡೂವರೆ ರೂಪಾಯಿ, ಬಾಡಿಗೆಗೆ ಇದ್ದರೆ ಐದು. ದರ ಆಮೇಲೆ ಏರಿದೆ, ಆದರೆ ಲೆಕ್ಕದ ದಾರಿ ತಿಳಿಯೋಕೆ ಆ ಹಳೇ ದರವೇ ಸಾಕು. ಎ ವಲಯದಲ್ಲಿ 1000 ಚದರಡಿ ಅಂದುಕೊಳ್ಳಿ. 1000ಕ್ಕೆ ಎರಡೂವರೆ, ಅದಕ್ಕೆ 10 ತಿಂಗಳು. ವರ್ಷಕ್ಕೆ 12 ತಿಂಗಳಾದರೂ ಲೆಕ್ಕಕ್ಕೆ ಹಿಡಿಯೋದು ಹತ್ತೇ. 25,000 ಆಯ್ತು. ಅದರಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಸವಕಳಿ ಕಳೆಯಬೇಕು, ಸದ್ಯಕ್ಕೆ ಅದನ್ನ ಬಿಡಿ. ಶೇ 20 ಅಂದರೆ 5,000 ತೆರಿಗೆ. ಅದರ ಮೇಲೆ ಶೇ 24 ಕರಗಳು, 1,200. ಒಟ್ಟು 6,200. ಅದೇ 1000 ಚದರಡಿ ಬಾಡಿಗೆಗೆ ಇದ್ದರೆ 12,400. ನೇರವಾಗಿ ಎರಡು ಪಟ್ಟು. 'ಮೇಲೆ ನಮ್ಮ ಮಗ ಇದ್ದಾನೆ' ಅಂತ ಬರೆದುಬಿಡೋ ಆಸೆ ಎಲ್ಲಿಂದ ಹುಟ್ಟುತ್ತೆ ಅಂತ ಗೊತ್ತಾಯ್ತಲ್ವಾ?

ಸಿಕ್ಕಿಬಿದ್ದರೆ ಮೊದಲು ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಇತ್ತು. 2024ರ ತಿದ್ದುಪಡಿಯಲ್ಲಿ ಅದನ್ನ ಒಂದು ಪಟ್ಟಿಗೆ ಇಳಿಸಿದರು. ಬಡ್ಡಿ ಬೇರೆ. ಹಾಗಾಗಿ ನೋಟಿಸ್ ಬರೋ ತನಕ ಕಾಯದೆ ನೀವೇ ತಿದ್ದಿದ ಘೋಷಣೆ ಸಲ್ಲಿಸಿಬಿಡಿ. ಮಕ್ಕಳ ಉತ್ತರಪತ್ರಿಕೆ ಎಷ್ಟೋ ತಿದ್ದಿದ್ದೀರಿ, ಇದೂ ಒಂದು. ಇನ್ನೊಂದು ವಿಷಯ, ಬೆಂಗಳೂರು ಈಗ ಒಂದು ಪಾಲಿಕೆ ಅಲ್ಲ, 2025ರಲ್ಲಿ ಐದಾಗಿದೆ. ನಿಮ್ಮ ಮನೆ ಯಾವ ಪಾಲಿಕೆಗೆ ಬಂತು, ಯಾವ ಸಹಾಯಕ ಕಂದಾಯ ಅಧಿಕಾರಿಗೆ ಅರ್ಜಿ ಹೋಗಬೇಕು ಅಂತ ಮೊದಲು ನೋಡಿಕೊಂಡು ಆಮೇಲೆ ಮನೆಯಿಂದ ಹೊರಡಿ.

ರಸೀದಿಯಲ್ಲಿ ಭಿಕ್ಷುಕರ ಕರ ಅಂತ ಇದೆ. ನಾನು ಭಿಕ್ಷುಕರಿಗೆ ನೇರವಾಗಿ ಕೊಡುತ್ತೇನೆ. ಇದೇಕೆ ಮತ್ತೆ?
— ಅಂಗಡಿ ಮಾಲೀಕರು, ದಾವಣಗೆರೆ

ಮೇಲಿನ ಲೆಕ್ಕದ ಶೇ 24 ಇದೆಯಲ್ಲ, ಅದರೊಳಗೆ ಇದೂ ಇದೆ. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3. ಮೂರಕ್ಕೂ ಮೂರು ಬೇರೆ ಬೇರೆ ಕಾಯ್ದೆ. ಭಿಕ್ಷುಕರದ್ದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದದ್ದು, ನಿರಾಶ್ರಿತರ ಪರಿಹಾರ ಕೇಂದ್ರಗಳನ್ನ ನಡೆಸೋಕೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಒಂದು ದೊಡ್ಡ ಕೇಂದ್ರ ಇದೆ. ಈ ಕರಗಳನ್ನ ಪಾಲಿಕೆ ವಸೂಲಿ ಮಾಡಿ ಆಯಾ ಇಲಾಖೆಗೆ ದಾಟಿಸಬೇಕು. ನೀವು ನೇರ ಕೊಟ್ಟದ್ದಕ್ಕೆ ರಸೀದಿ ಇಲ್ಲವಲ್ಲ ಸ್ವಾಮಿ, ಕಳೆಯೋಕೆ ಬರಲ್ಲ. ಅಂದ ಹಾಗೆ ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ, ಹತ್ತಿರದ ಲೈಬ್ರರಿಗೆ ಹೋಗಿ ಪೇಪರ್ ಓದಿ ಬನ್ನಿ, ನಿಮ್ಮ ದುಡ್ಡೇ.

ನಮ್ಮ ಪಂಚಾಯಿತಿ ಬಿಲ್ ಕಲೆಕ್ಟರ್ ಸಂತೆ ದಿನ ಸಿಕ್ಕಾಗ ಕಂದಾಯ ಈಸ್ಕೊಳ್ತಾರೆ, ರಸೀದಿ ಆಮೇಲೆ ಕೊಡ್ತೀನಿ ಅಂತಾರೆ. ಎರಡು ವರ್ಷದಿಂದ ಆ 'ಆಮೇಲೆ' ಬಂದಿಲ್ಲ. ಊರವರೇ, ಜಗಳ ಮಾಡೋಕೆ ಆಗ್ತಿಲ್ಲ.
— ರೈತ ಮಹಿಳೆ, ಶಿರಸಿ ತಾಲ್ಲೂಕು

ತಂಗಿ, ಜಗಳ ಬೇಡ. ಪಂಚಾಯಿತಿಗೆ ಹೋಗಿ, ನಮ್ಮ ಮನೆ ಬಾಕಿ ಎಷ್ಟಿದೆ ನೋಡಿ ಹೇಳಿ ಅಂತ ಕೇಳಿ. ಈಗ ಎಲ್ಲ ಕಂಪ್ಯೂಟರಲ್ಲಿ ಇದೆ, ಎರಡು ನಿಮಿಷದ ಕೆಲಸ. ಎರಡು ವರ್ಷದ ಬಾಕಿ ಅಂತ ತೋರಿಸಿದರೆ ಆ ದುಡ್ಡು ಪಂಚಾಯಿತಿಗೆ ಸೇರಿಲ್ಲ ಅಂತಲೇ ಅರ್ಥ. ಆಗ ಪಿಡಿಒಗೆ ಒಂದು ಅರ್ಜಿ ಬರೆದು ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಅಲ್ಲಿ ಆಗಲಿಲ್ಲ ಅಂದರೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ.

ರಸೀದಿ ಇಲ್ಲದೆ ದುಡ್ಡು ಕೊಟ್ಟರೆ ಅದು ಕಂದಾಯ ಅಲ್ಲ, ಕೈಗಡ. ನಾನು ಕೆಲಸದಲ್ಲಿದ್ದಾಗ ನನ್ನ ಸ್ವಂತ ಭಾವಮೈದುನನೂ ಒಮ್ಮೆ, ರಸೀದಿ ಏನು ಬೇಡ ಬಿಡಿ ಭಾವ ಅಂದ. ನಾನು ನೋಟು ವಾಪಸ್ ಅವನ ಜೇಬಿಗೇ ತುರುಕಿದೆ. ಆ ದಿನ ಬೇಜಾರಾದ.

ನಾವು ಸೈಟಿಗೆ ಇಪ್ಪತ್ತು ವರ್ಷದಿಂದ ಕಂದಾಯ ಕಟ್ಟುತ್ತಿದ್ದೇವೆ. ಈಗ ಬಿ ಖಾತೆ ಕೊಡುತ್ತೇವೆ ಅಂತಿದ್ದಾರೆ. ಇಷ್ಟು ವರ್ಷ ತೆರಿಗೆ ತಗೊಂಡ ಮೇಲೆ ಅದು ಸಕ್ರಮ ಆದ ಹಾಗೆ ಅಲ್ವಾ?
— ಹೆಸರು ಬೇಡ, ತುಮಕೂರು

ಅಲ್ಲ. ನೂರು ವರ್ಷ ಕಟ್ಟಿದರೂ ಅಲ್ಲ. ಖಾತೆ ಅಂದರೆ ಈ ಆಸ್ತಿಗೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ಕಚೇರಿ ಇಟ್ಟುಕೊಂಡ ಪುಟ. ಹಕ್ಕು ಇರೋದು ನಿಮ್ಮ ಕ್ರಯಪತ್ರದಲ್ಲಿ, ಬಡಾವಣೆ ಸಕ್ರಮವೋ ಅಲ್ಲವೋ ಅನ್ನೋದು ಅದರ ಅನುಮೋದನೆಯಲ್ಲಿ. ಈ ಎರಡನ್ನೂ ಕಂದಾಯದ ರಸೀದಿ ಹುಟ್ಟಿಸಲ್ಲ. ಬೆಂಗಳೂರಿನ ಹೊರಗಿನ ಊರುಗಳಲ್ಲಿ ಅನುಮೋದನೆ ಇಲ್ಲದ ಬಡಾವಣೆಗಳನ್ನ ತೆರಿಗೆ ಲೆಕ್ಕಕ್ಕೆ ತರೋಕೆ 2025ರಲ್ಲಿ ಬಿ ಖಾತೆ ಅಭಿಯಾನ ಶುರುವಾಯ್ತು. ತಗೊಳ್ಳಿ, ಬೇಡ ಅನ್ನಬೇಡಿ, ದಾಖಲೆ ಅಂತ ಒಂದಾದರೂ ಇರಲಿ. ಆದರೆ ಚಕ್ಕುಬಂದಿ ಸರಿಯಾಗಿದೆಯಾ, ನಾಲ್ಕು ದಿಕ್ಕಿನಲ್ಲಿ ಯಾರ ಸೈಟು ಎಲ್ಲಿ ರಸ್ತೆ ಅಂತ ಕರಡಿನಲ್ಲೇ ನೋಡಿ ತಿದ್ದಿಸಿ. ಪೂರ್ವ ಪಶ್ಚಿಮ ಅದಲುಬದಲಾಗಿ ಅಚ್ಚಾದರೆ ಅದನ್ನ ತಿದ್ದಿಸೋಕೆ ಓಡಾಡೋ ಚಪ್ಪಲಿ ಖರ್ಚು ಕಂದಾಯಕ್ಕಿಂತ ಜಾಸ್ತಿ.

ನಾವು ನ್ಯೂಜೆರ್ಸಿಯಲ್ಲಿ ಮನೆ ತಗೊಂಡು ನಾಲ್ಕು ವರ್ಷ. ಈ ಸಲ ಅಸೆಸರ್ (ಮನೆ ಮೌಲ್ಯ ನಿಗದಿ ಮಾಡುವ ಅಧಿಕಾರಿ) ಕಡೆಯಿಂದ ಬಂದ ಕಾರ್ಡಿನಲ್ಲಿ ಮನೆ ಮೌಲ್ಯ ಸಿಕ್ಕಾಪಟ್ಟೆ ಏರಿಸಿದ್ದಾರೆ. ನಮ್ಮೂರಿನ ಥರ ಹೋಗಿ ಮಾತಾಡಿದರೆ ಆಗುತ್ತಾ?
— ಎಡಿಸನ್‌ನಿಂದ ಒಬ್ಬ ಓದುಗರು

ಮಾತಾಡಬಹುದು, ಆದರೆ ನಮ್ಮೂರಿನ ಥರ ಅಲ್ಲ! ನನ್ನ ಮಗಳು ಆ ಕಡೆ ಇರೋದರಿಂದ ಇದು ಸ್ವಲ್ಪ ಗೊತ್ತು. ಅಲ್ಲಿ ಅಸೆಸರ್ ಅನ್ನೋ ಕುರ್ಚಿ ನಿಜವಾಗಿಯೂ ಇದೆ. ರಾಜ್ಯದ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದವರನ್ನೇ ಊರಿನ ಆಡಳಿತ ನಾಲ್ಕು ವರ್ಷದ ಅವಧಿಗೆ ನೇಮಿಸಬೇಕು. ಮತ್ತೆ ನೇಮಕ ಆದರೆ ಕೆಲಸ ಕಾಯಂ, ಸುಲಭಕ್ಕೆ ತೆಗೆಯೋಕೆ ಬರಲ್ಲ. ಕೌನ್ಸಿಲಿನವರಿಗೆ ಕೋಪ ಬಂದು, ಇವರ ಮನೆ ಮೌಲ್ಯ ಕಮ್ಮಿ ಮಾಡು ಅಂದರೆ ಅವರು ಅಲ್ಲ ಅನ್ನಬಹುದು. ವಸೂಲಿ ಮಾಡೋರು ಬೇರೆ, ಅವರದ್ದು ಬೇರೆ ಕುರ್ಚಿ. ಅಳೆಯೋ ಕೈ, ದುಡ್ಡು ಎಣಿಸೋ ಕೈ ಒಂದೇ ಆಗಬಾರದು ಅನ್ನೋ ಲೆಕ್ಕ. ನಮ್ಮ ಹಳೇ ಇನ್‌ಸ್ಪೆಕ್ಟರು ಜಗಲಿ ಮೇಲೆ ಎರಡನ್ನೂ ಮಾಡ್ತಿದ್ದರು.

ನೀವು ಮಾಡಬೇಕಾದ್ದು ಇಷ್ಟು. ಫೆಬ್ರವರಿ 1ರೊಳಗೆ ಬರೋ ಆ ಕಾರ್ಡನ್ನ ಎಸೆಯಬೇಡಿ. ಏಪ್ರಿಲ್ 1ರೊಳಗೆ ಕೌಂಟಿಯ ತೆರಿಗೆ ಮಂಡಳಿಗೆ ಮೇಲ್ಮನವಿ ಹಾಕಬೇಕು. ಊರಿಗೆ ಊರೇ ಮರುಮೌಲ್ಯಮಾಪನ ಆಗಿದ್ದರೆ ಮೇ 1ರ ತನಕ ಟೈಮ್ ಇದೆ. ತೆರಿಗೆ ಜಾಸ್ತಿ ಆಯ್ತು ಅಂತ ಅಲ್ಲಿ ವಾದ ಮಾಡಿದರೆ ಕೇಳಲ್ಲ. ಮೌಲ್ಯ ತಪ್ಪು ಅಂತ ತೋರಿಸಬೇಕು, ಅದೂ ಹಿಂದಿನ ವರ್ಷದ ಅಕ್ಟೋಬರ್ 1ಕ್ಕೆ ಇದ್ದ ಮೌಲ್ಯ. ನಿಮ್ಮ ಬೀದಿಯಲ್ಲಿ, ನಿಮ್ಮ ಮನೆ ಥರದ್ದೇ ಮನೆ ಆ ಹೊತ್ತಿಗೆ ಎಷ್ಟಕ್ಕೆ ಮಾರಾಟ ಆಯ್ತು ಅನ್ನೋ ಮೂರು ನಾಲ್ಕು ಉದಾಹರಣೆ ಹುಡುಕಿ ಇಟ್ಟುಕೊಳ್ಳಿ. ಅಸೆಸರ್ ದಾಖಲೆಯಲ್ಲಿ ನಿಮ್ಮ ಮನೆಗೆ ಇಲ್ಲದ ಬಾತ್‌ರೂಮ್ ಇದೆಯಾ ಅಂತಲೂ ನೋಡಿ. ಇಂಥ ತಪ್ಪಿದ್ದರೆ ಮೇಲ್ಮನವಿಗೆ ಮೊದಲು ಅವರ ಕಚೇರಿಗೇ ಒಂದು ಫೋನ್ ಮಾಡಿ.

ನಮ್ಮ ಯಜಮಾನರು ಒಂದು ಊರಿನ ಪುರಸಭೆಯಲ್ಲಿ ಬಿಲ್ ಕಲೆಕ್ಟರು. ಮಾರ್ಚ್ ಬಂದರೆ ಮನೆಗೆ ಬರೋದು ರಾತ್ರಿ ಹತ್ತಕ್ಕೆ. ಜನ ಬಾಯಿಗೆ ಬಂದಂತೆ ಬೈತಾರಂತೆ, ನಾಯಿ ಬಿಡ್ತಾರಂತೆ. ನಿಮ್ಮ ಅಂಕಣ ಓದೋರಿಗೆ ಒಂದು ಮಾತು ಹೇಳಿ ಸರ್.
— ಓದುಗರು, ಹೆಸರು ಊರು ಬೇಡ

ಹೇಳ್ತೀನಮ್ಮ. ನಿಮ್ಮ ಪತ್ರ ನಮ್ಮ ಮನೆಯವಳಿಗೆ ತೋರಿಸಿದೆ, ಇದನ್ನ ನಾನೇ ಬರೆದ ಹಾಗಿದೆ ಅಂದಳು.

ಓದುಗರೇ, ನಿಮ್ಮ ಬಾಗಿಲಿಗೆ ಬರೋ ಆ ಮನುಷ್ಯ ದರ ನಿಗದಿ ಮಾಡಿದವನಲ್ಲ. ಪುರಸಭೆ ದರ ಕೌನ್ಸಿಲ್ ನಿರ್ಣಯದ್ದು, ಮಾರ್ಗಸೂಚಿ ಬೆಲೆ ನೋಂದಣಿ ಇಲಾಖೆಯದ್ದು, ಅಳತೆ ನಿಮ್ಮದೇ. ಅವನ ಕೈಯಲ್ಲಿ ಇರೋದು ವಾರ್ಡಿನ ಬಾಕಿ ಪಟ್ಟಿ ಮತ್ತೆ ಒಂದು ಟಾರ್ಗೆಟ್ಟು. ಬೆಳಗ್ಗೆ ವಸೂಲಿ, ಮಧ್ಯಾಹ್ನ ನೀರಿನ ಬಿಲ್ಲು, ನಡುವೆ ಸಮೀಕ್ಷೆ, ಚುನಾವಣೆ ಬಂದರೆ ಮತದಾರರ ಪಟ್ಟಿ, ಸಂಜೆ ಕಚೇರಿಯಲ್ಲಿ ಚಲನ್ ಬರೆದು ಜಮಾ. ಹತ್ತು ರೂಪಾಯಿ ಕಮ್ಮಿ ಬಂದರೆ ಕೈಯಿಂದ ಹಾಕಬೇಕು. ಎಷ್ಟು ಸಲ ಹಾಕಿದ್ದೀನಿ ನಾನು.

ಅವನನ್ನ ನಿಮ್ಮ ಬಾಗಿಲಿಗೆ ಬರದ ಹಾಗೆ ಮಾಡೋದು ತುಂಬಾ ಸುಲಭ. ಏಪ್ರಿಲ್ ತಿಂಗಳಲ್ಲೇ ಪೂರ್ತಿ ಕಟ್ಟಿದರೆ ಶೇ 5 ರಿಯಾಯಿತಿ ಇದೆ. ಪುರಸಭೆ, ನಗರಸಭೆಗಳಲ್ಲಿ ಮೇ, ಜೂನ್ ಕಟ್ಟಿದರೆ ರಿಯಾಯಿತಿ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2 ದಂಡ ಓಡುತ್ತೆ. ಮಾರ್ಚ್ ತನಕ ಎಳೆದರೆ ಎಷ್ಟಾಯ್ತು ನೋಡಿ. ಆ ದಂಡಕ್ಕೂ ಬೈಗುಳ ಅವನಿಗೇ.

ಮತ್ತೆ ನಾಯಿ ವಿಷಯ. ನನ್ನ ಬಲಗಾಲಿನ ಮೀನಖಂಡದಲ್ಲಿ ಇನ್ನೂ ನಾಲ್ಕು ಹಲ್ಲಿನ ಗುರುತು ಇದೆ, ಆ ಮನೆಯವರ ಬಾಕಿ ಆಗ 312 ರೂಪಾಯಿ. ಯಜಮಾನರಿಗೆ ಒಂದು ಉದ್ದ ಕೊಡೆ ತೆಗೆಸಿಕೊಡಿ ಅಮ್ಮ, ಮಡಿಚೋ ಥರದ್ದಲ್ಲ. ಮಾರ್ಚ್ ಬಿಸಿಲಿಗೂ ಆಗುತ್ತೆ.